ಕೂಗಳತೆಯೊಳಗಿನ ಆಟ

ಬೇಸಿಗೆ ರಜೆ ಹತ್ತಿರ ಬಂದಿತೆಂದರೆ ನನ್ನ ಅಂಚೆಯ ಕಟ್ಟು ದಪ್ಪವಾಗುತ್ತದೆ. ಈ ತಿಂಗಳ ಪತ್ರಗಳಲ್ಲಿ ಮುಕ್ಕಾಲು ಪಾಲು ಮಕ್ಕಳ ಆಟದ ಬಗ್ಗೆಯೇ ಇವೆ. ಖಾತೆ, ಸೆಟ್‌ಬ್ಯಾಕ್, ಪಕ್ಕದ ಮನೆಯ ಸಜ್ಜೆಯಿಂದ ಸುರಿಯುವ ನೀರು ಎಂದು ಬರೆದವರು ಒಂದು ಸಂಚಿಕೆ ತಾಳಬೇಕು. ಹೊಸ ಓದುಗರಿಗೆ ಒಂದು ಮಾತು: ನಾನು ವೈದ್ಯೆಯಲ್ಲ, ಆಟ ಕಲಿಸುವವಳೂ ಅಲ್ಲ. ನಗರ ಯೋಜನೆಯ ಕಚೇರಿಗಳಲ್ಲಿ 31 ವರ್ಷ ನಕ್ಷೆ ಬರೆದು ನಿವೃತ್ತಳಾದವಳು. ರಸ್ತೆ, ಚರಂಡಿ, ಮೂಲೆ ನಿವೇಶನ, ಪಾರ್ಕು ಇವುಗಳ ಲೆಕ್ಕದಲ್ಲೇ ಉತ್ತರ ಹೇಳಬಲ್ಲೆ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಹಳೆಯ ಪೇಟೆಯ ವಠಾರ ಬಿಟ್ಟು ಹೊಸ ಬಡಾವಣೆಯ ಸ್ವಂತ ಮನೆಗೆ ಬಂದೆವು. ಅಲ್ಲಿಂದೀಚೆಗೆ ಮಗ ದಪ್ಪಗಾಗಿದ್ದಾನೆ. ಶಾಲೆಯಿಂದ ಬಂದವನೇ ಮೊಬೈಲ್ ಹಿಡಿಯುತ್ತಾನೆ. ದಿನಕ್ಕೆ ಒಂದು ಗಂಟೆ ಓಡಾಡಿಸಿ ಎಂದರು ಡಾಕ್ಟರು. ಪಾರ್ಕು ಒಂದು ಕಿಲೋಮೀಟರ್ ದೂರ, ನಡುವೆ ದೊಡ್ಡ ರಸ್ತೆ. ವಾರಕ್ಕೆ ಮೂರು ದಿನದ ಸ್ಕೇಟಿಂಗ್ ತರಗತಿಗೆ ತಿಂಗಳಿಗೆ 2,500 ರೂಪಾಯಿ ಕೇಳುತ್ತಾರೆ. ನಮ್ಮ ಯಜಮಾನರು ದುಡ್ಡು ದಂಡ ಎನ್ನುತ್ತಾರೆ. ಸೇರಿಸಲೇ? — ಗೃಹಿಣಿ, ದಾವಣಗೆರೆ

ತೂಕದ ವಿಚಾರ ನಿಮ್ಮ ಡಾಕ್ಟರಿಗೇ ಇರಲಿ. ಆದರೆ ಅವರು ಹೇಳಿದ ‘ಒಂದು ಗಂಟೆ’ ಬಾಯಿಗೆ ಬಂದ ಲೆಕ್ಕವಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಜೋರಾಗುವಷ್ಟು ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಂದರೆ ವಾರಕ್ಕೆ ಏಳು ಗಂಟೆ. ಸ್ಕೇಟಿಂಗ್ ತರಗತಿ ದಿನಕ್ಕೊಂದು ಗಂಟೆಯಂತೆ ಮೂರು ಗಂಟೆ. ಅದರಲ್ಲಿ ಶೂ ಬಿಗಿಯುವುದು, ಸರದಿಗೆ ಕಾಯುವುದು, ಫೋಟೋಕ್ಕೆ ನಿಲ್ಲುವುದು ಕಳೆದರೆ ಎರಡು ಉಳಿದೀತು. ಮಿಕ್ಕ ಐದು ಗಂಟೆ ಎಲ್ಲಿಂದ ತರುತ್ತೀರಿ?

ವಠಾರದಲ್ಲಿದ್ದಾಗ ಆ ಏಳು ಗಂಟೆಯನ್ನು ಯಾರೂ ಎಣಿಸದೆಯೇ ಹುಡುಗ ಪಡೆಯುತ್ತಿದ್ದ. ಅಲ್ಲಿ ಮೈದಾನವೇನೂ ಇರಲಿಲ್ಲ. ನಲ್ಲಿಯ ಸುತ್ತ ಒಂದು ಅಂಗಳ, ಬಟ್ಟೆ ಒಣಹಾಕುವ ತಂತಿ, ತುಳಸಿಕಟ್ಟೆ, ಅಷ್ಟೇ ಇದ್ದಿರಬೇಕು. ಆದರೂ ನೀವು ಒಲೆಯ ಮುಂದೆ ನಿಂತು ಕೂಗಿದರೆ ಅವನಿಗೆ ಕೇಳುತ್ತಿತ್ತು, ಅವನು ಬಿದ್ದು ಅತ್ತರೆ ನಿಮಗೆ ಕೇಳುತ್ತಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಮಾತಿದೆ: ಕೂಗಳತೆ. ನಾವು ನಕ್ಷೆಯ ಮೇಲೆ ಕೈವಾರ ಇಟ್ಟು ‘ಒಂದು ಕಿಲೋಮೀಟರ್ ಒಳಗೆ ಉದ್ಯಾನವಿದೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆವು. ಆ ವೃತ್ತ ವಾಯುವಿಹಾರಕ್ಕೆ ಹೊರಡುವ ದೊಡ್ಡವರದು. ಒಂಬತ್ತು ವರ್ಷದವನ ವೃತ್ತ ಬೇರೆ. ದೊಡ್ಡ ರಸ್ತೆಯಾಚೆಯ ಪಾರ್ಕು ಅವನದಲ್ಲ, ನಿಮ್ಮದು. ನಿಮಗೆ ಬಿಡುವಾದಾಗ ಮಾತ್ರ ಅದು ಅವನಿಗೆ ಸಿಗುತ್ತದೆ. ಮನೆ ನಡೆಸುವ ಹೆಂಗಸಿಗೆ ಸಂಜೆ ಐದಕ್ಕೆ ಬಿಡುವೆಲ್ಲಿ?

ನಾಳೆ ಸಂಜೆ ಒಂದು ಕೆಲಸ ಮಾಡಿ. ಗೇಟಿನ ಬಳಿ ನಿಂತು ಅವನ ಹೆಸರು ಹಿಡಿದು ಜೋರಾಗಿ ಕೂಗಿ. ನಾಚಿಕೆ ಬೇಡ. ದನಿ ಎಲ್ಲಿಯವರೆಗೆ ಮುಟ್ಟುತ್ತದೋ ಅಷ್ಟು ಅವನ ಮೈದಾನ. ಆ ಸುತ್ತಳತೆಯಲ್ಲಿ ಏನಿದೆ ನೋಡಿ. ಹೊಸ ಬಡಾವಣೆಯೆಂದರೆ ಪಾರ್ಥೇನಿಯಂ ಬೆಳೆದ ಖಾಲಿ ನಿವೇಶನಗಳಿರುತ್ತವೆ, ಕಟ್ಟುತ್ತಿರುವ ಮನೆಯ ಮುಂದೆ ಮರಳಿನ ಗುಡ್ಡೆ ಇರುತ್ತದೆ, ಅಗಲವಾದ ರಸ್ತೆ ಇರುತ್ತದೆ. ಮರಳಿನ ಗುಡ್ಡೆಗಿಂತ ಒಳ್ಳೆಯ ಆಟದ ಸಾಮಾನನ್ನು ಯಾವ ಕಂಪನಿಯೂ ಮಾರಿದ್ದನ್ನು ನಾನು ನೋಡಿಲ್ಲ. ಹತ್ತುವುದು, ಜಾರುವುದು, ಸುರಂಗ ಕೊರೆಯುವುದು, ಮೇಸ್ತ್ರಿ ಬೈದಾಗ ಓಡುವುದು, ಎಲ್ಲ ಅದರಲ್ಲೇ ಇದೆ. ಆದರೆ ಅಲ್ಲಿಗೆ ಬಿಡುವ ಮುನ್ನ ಆ ಮನೆಯ ಸಂಪು ಮುಚ್ಚಿದೆಯೇ ಎಂದು ನೀವೇ ಹೋಗಿ ನೋಡಬೇಕು. ತೆರೆದ ಸಂಪಿನ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ.

ಆಮೇಲೆ ಅದೇ ವಯಸ್ಸಿನ ಮಕ್ಕಳಿರುವ ಮೂರು ಮನೆ ಹುಡುಕಿ. ಹೊಸ ಬಡಾವಣೆಯಲ್ಲಿ ಕಾಂಪೌಂಡು ಎತ್ತರ, ಬಾಗಿಲು ಮುಚ್ಚಿಯೇ ಇರುತ್ತದೆ. ಮಕ್ಕಳಿರುವುದು ಗೊತ್ತಾಗುವುದು ಒಣಹಾಕಿದ ಸಮವಸ್ತ್ರದಿಂದ. ಖಾಲಿ ನಿವೇಶನದ ಮಾಲೀಕರಿಗೆ ಫೋನ್ ಮಾಡಿ, ಕಳೆ ತೆಗೆಸಿಕೊಳ್ಳುತ್ತೇವೆ, ಮಕ್ಕಳು ಆಡಲಿ, ನೀವು ಕಟ್ಟಲು ಬಂದ ದಿನ ಬಿಟ್ಟುಕೊಡುತ್ತೇವೆ ಎನ್ನಿ. ಕಳೆ, ಹಾವು, ಕಸದ ಕಾಟ ತಪ್ಪುತ್ತದೆಂದು ಹೆಚ್ಚಿನವರು ಒಪ್ಪುತ್ತಾರೆ. ನಾಲ್ಕು ಮನೆ ಸೇರಿ ಒಂದು ಗಂಟೆ ಜೆಸಿಬಿ ಹೊಡೆಸಿದರೆ ಮುಗಿಯಿತು. ಸಂಜೆ ಐದರಿಂದ ಆರೂವರೆ ಎಂದು ಹೊತ್ತು ಗೊತ್ತುಮಾಡಿ. ಹೊತ್ತು ಗೊತ್ತಿಲ್ಲದಿದ್ದರೆ ಒಂದು ಮಗು ಬಂದು ಯಾರೂ ಇಲ್ಲವೆಂದು ಹೋಗುತ್ತದೆ, ಅದು ಹೋದ ಮೇಲೆ ಇನ್ನೊಂದು ಬರುತ್ತದೆ.

ಶಾಲೆಯ ವ್ಯಾನು ಗೇಟಿಗೇ ಬರುತ್ತದೆ ತಾನೇ? ನಾಲ್ಕು ಮನೆಗೆ ಒಂದೇ ನಿಲ್ದಾಣ ಮಾಡಿ, ಬಡಾವಣೆಯ ಬಾಯಿಗೆ ನಿಲ್ಲಿಸಲು ಹೇಳಿ. ಹೋಗಿ ಬರುವಾಗ ಚೀಲ ಹೊತ್ತು ಹತ್ತು ಹತ್ತು ನಿಮಿಷ ನಡೆಯುತ್ತಾರೆ, ಜೊತೆಗೆ ಜಗಳವನ್ನೂ ಸ್ನೇಹವನ್ನೂ ಮಾಡಿಕೊಳ್ಳುತ್ತಾರೆ.

ಸ್ಕೇಟಿಂಗ್? ಹುಡುಗನೇ ಶೂ ಹಾಕಿಕೊಂಡು ಬಾಗಿಲಲ್ಲಿ ಕುಣಿಯುತ್ತಿದ್ದರೆ ಸೇರಿಸಿ. ನೀವು ಎಳೆದುಕೊಂಡು ಹೋಗಬೇಕಾದರೆ ನಿಮ್ಮ ಯಜಮಾನರು ಹೇಳಿದ್ದೇ ಸರಿ. ಆ 2,500ರಲ್ಲಿ ಜೆಸಿಬಿ ಬರುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ನಡೆಯುವ ವಯಸ್ಸಾದವರಿಗೆ ಚೆಂಡು ತಗಲುತ್ತದೆ, ಹೂಗಿಡ ಹಾಳು. ಹಿರಿಯ ನಾಗರಿಕರು ಸೇರಿ ‘ಚೆಂಡಾಟ ನಿಷೇಧಿಸಿದೆ’ ಎಂಬ ಬೋರ್ಡ್ ಹಾಕಿಸಿದೆವು. ಒಬ್ಬ ತಾಯಿ ಬಂದು ಎಲ್ಲರೆದುರು ‘ಪಾರ್ಕು ನಿಮ್ಮ ತಾತನದೇ’ ಎಂದು ಕೇಳಿದರು. ನಮ್ಮದು ತಪ್ಪೇ? — ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ತಾತನ ಮಾತು ಹೆಚ್ಚಾಯಿತು, ಒಪ್ಪುತ್ತೇನೆ. ನಾನೂ ಈಗ ಮೈಸೂರಿನವಳೇ, ನಿಮ್ಮ ವಯಸ್ಸಿನವಳೇ. ಪತ್ರ ಓದಿದ ಸಂಜೆ ನಮ್ಮ ಪಾರ್ಕಿಗೆ ಹೋಗಿ ಬೋರ್ಡುಗಳನ್ನು ಎಣಿಸಿದೆ. ಹುಲ್ಲಿನ ಮೇಲೆ ನಡೆಯಬೇಡಿ, ಹೂ ಕೀಳಬೇಡಿ, ಸೈಕಲ್ ತರಬೇಡಿ, ಚೆಂಡಾಟ ಬೇಡ, ಮರ ಹತ್ತಬೇಡಿ, ತಿಂಡಿ ತರಬೇಡಿ, ದೊಡ್ಡವರು ಉಯ್ಯಾಲೆಯಲ್ಲಿ ಕೂರಬೇಡಿ. ಏಳು ಬೇಡಗಳು. ಏನು ಮಾಡಬಹುದು ಎಂದು ಹೇಳುವ ಒಂದೂ ಬೋರ್ಡಿಲ್ಲ. ಮಕ್ಕಳಿಗೆಂದು ಬಿಟ್ಟಿರುವುದು ಫೈಬರ್ ಜಾರುಬಂಡೆಯ ಒಂದು ಮೂಲೆ; ಅದು ಬಿರುಕು ಬಿಟ್ಟಿದೆ, ಏಪ್ರಿಲ್ ಬಿಸಿಲಿಗೆ ದೋಸೆ ಹೆಂಚಿನ ಹಾಗೆ ಕಾಯುತ್ತದೆ. ದೊಡ್ಡವರಿಗೆಂದು ಹಾಕಿಸಿದ ಓಪನ್ ಜಿಮ್‌ನ ನಿಜವಾದ ಫಲಾನುಭವಿಗಳು ಎಂಟು ವರ್ಷದವರು. ಅದರ ಕಂಬಿಗೆ ಬಾವಲಿಗಳ ಹಾಗೆ ತಲೆಕೆಳಗಾಗಿ ಜೋತುಬಿದ್ದಿದ್ದರು.

ಚೆಂಡಿನ ಭಯ ಸುಳ್ಳಲ್ಲ. ನಮ್ಮ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ. ಹಾಗಾಗಿ ಕಾರ್ಕ್ ಚೆಂಡು ಬೇಡವೆನ್ನಿ, ರಬ್ಬರ್ ಅಥವಾ ಟೆನಿಸ್ ಚೆಂಡು ಇರಲಿ. ಬೆಳಿಗ್ಗೆ ಒಂಬತ್ತರವರೆಗೆ ನಡೆಯುವವರದು, ಸಂಜೆ ನಾಲ್ಕರಿಂದ ಆರೂವರೆ ಮಕ್ಕಳದು ಎಂದು ಹಂಚಿಕೊಳ್ಳಿ, ಆ ಹೊತ್ತನ್ನು ಬೋರ್ಡಿನಲ್ಲಿ ಬರೆಸಿ. ಆ ತಾಯಿಯನ್ನೇ ಕರೆದು ಬರೆಸಿದರೆ ಇನ್ನೂ ಒಳ್ಳೆಯದು. ಪಾರ್ಕಿಗೆ ಬೀಗ ಹಾಕುವ ಹೊತ್ತನ್ನೂ ನೋಡಿ. ಬೆಂಗಳೂರಿನಲ್ಲಿ ಪಾಲಿಕೆಯ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲಿ ಆದೇಶವಾಯಿತು. ನಮ್ಮಲ್ಲಿಯೂ ಕೇಳುವುದರಲ್ಲಿ ತಪ್ಪಿಲ್ಲ.

ಆಮ್‌ಸ್ಟರ್‌ಡ್ಯಾಮ್‌ನ ಒಂದು ಸಂಗತಿ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಆ ಊರಿನಲ್ಲಿ ಮನೆ ಕೆಡವಿದ ಖಾಲಿ ಜಾಗಗಳು ಅಲ್ಲಲ್ಲಿ ಹಲ್ಲು ಬಿದ್ದ ಹಾಗಿದ್ದವು. ಪಾಲಿಕೆಯಲ್ಲಿ ಕೆಲಸಕ್ಕಿದ್ದ ಆಲ್ಡೊ ವಾನ್ ಐಕ್ ಎಂಬ ತರುಣ ವಾಸ್ತುಶಿಲ್ಪಿ 1947ರಲ್ಲಿ ಒಂದು ಚೌಕದಲ್ಲಿ ಮೊದಲ ಆಟದಂಗಳ ಮಾಡಿದ. 1978ರ ಹೊತ್ತಿಗೆ ಅಂಥವು 700ಕ್ಕೂ ಹೆಚ್ಚಾದವು. ಆನೆಯಾಕಾರದ ಜಾರುಬಂಡೆ, ಬಣ್ಣದ ಮಿಕ್ಕಿಮೌಸ್ ಅವನಿಗೆ ಬೇಕಿರಲಿಲ್ಲ. ಅಗಲ ಅಂಚಿನ ಕಾಂಕ್ರೀಟ್ ಮರಳುಗುಂಡಿ, ಜಿಗಿಯಲು ಗುಂಡು ಕಲ್ಲುಗಳು, ಹತ್ತಿ ಉರುಳಲು ಉಕ್ಕಿನ ಕಂಬಿ, ಕೂರಲು ಬೆಂಚು, ಅಷ್ಟೇ. ಅನೇಕ ಕಡೆ ಬೇಲಿಯೂ ಇಲ್ಲ. ಹೀಗೇ ಆಡಬೇಕೆಂದು ಅವು ಹೇಳುವುದಿಲ್ಲ. ಮರಳುಗುಂಡಿಯ ಅಂಚು ಮಕ್ಕಳಿಗೆ ಅಂಗಡಿಯ ಗಲ್ಲಾ, ಅಮ್ಮಂದಿರಿಗೆ ಜಗುಲಿ. ನಿಮ್ಮ ಸಂಘಕ್ಕೆ ಮುಂದಿನ ಸಲ ಪಾಲಿಕೆಯಿಂದ ಹಣ ಬಂದರೆ ಇನ್ನೊಂದು ಫೈಬರ್ ಆನೆ ಬೇಡ ಎನ್ನಿ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗದಲ್ಲಿ ಮಕ್ಕಳು ಹತ್ತು ವರ್ಷದಿಂದ ಆಡುತ್ತಿದ್ದರು. ಈಗ ಸಮುದಾಯ ಭವನಕ್ಕೆ ಗುದ್ದಲಿ ಪೂಜೆಯಾಗಿದೆ. ಪ್ರಶ್ನಿಸಿದರೆ ‘ಊರಿಗೆ ಒಳ್ಳೆಯದೇ ಅಲ್ಲವೇ, ಮಕ್ಕಳು ಎಲ್ಲಿ ಬೇಕಾದರೂ ಆಡುತ್ತಾರೆ’ ಎನ್ನುತ್ತಾರೆ. — ಅಂಗಡಿ ಮಾಲೀಕ, ಹುಬ್ಬಳ್ಳಿ

ಮಕ್ಕಳು ಎಲ್ಲಿ ಬೇಕಾದರೂ ಆಡುವುದಿಲ್ಲ. ಅದನ್ನು ನಾನು ಹೋಳಿಗೆ ತಿನ್ನುತ್ತ ಕಲಿತೆ.

ತೊಂಬತ್ತರ ದಶಕದಲ್ಲಿ ಒಂದು ಜಿಲ್ಲಾ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಖಾಸಗಿ ಬಡಾವಣೆಗಳ ನಕ್ಷೆಗಳಿಗೆ ಬಣ್ಣ ತುಂಬುವುದು ನನ್ನ ಪಾಲಿನದು. ವಾಸದ ನಿವೇಶನಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಸಾರ್ವಜನಿಕ ಉಪಯೋಗದ ಕಟ್ಟಡಗಳಿಗೆ ಕೆಂಪು, ಉದ್ಯಾನ ಮತ್ತು ಆಟದ ಬಯಲಿಗೆ ಹಸಿರು. ಒಂದು ನಕ್ಷೆಯಲ್ಲಿ ಹಸಿರು ಎರಡು ತುಂಡಾಗಿತ್ತು. ಒಂದು, ರಾಜಕಾಲುವೆಗೂ ಹೈಟೆನ್ಷನ್ ತಂತಿಗೂ ನಡುವೆ ಸಿಕ್ಕಿಕೊಂಡ ತ್ರಿಕೋನ; ನಿವೇಶನವಾಗಿ ಮಾರಲು ಆಗದ್ದು. ಇನ್ನೊಂದು, ನಾಲ್ಕು ರಸ್ತೆ ಕೂಡುವಲ್ಲಿ ಚೊಕ್ಕಟವಾದ ಆಯತ. ಶೇಕಡಾವಾರು ಲೆಕ್ಕ ಸರಿಯಾಗಿತ್ತು. ಲೆಕ್ಕ ಸರಿಯಿದ್ದರೆ ಬಣ್ಣ ಹಚ್ಚುವವಳನ್ನು ಯಾರೂ ಅಭಿಪ್ರಾಯ ಕೇಳುವುದಿಲ್ಲ, ನಾನೂ ಹೇಳಲಿಲ್ಲ. ಹದಿನೈದು ವರ್ಷದ ಮೇಲೆ ಅದೇ ಬಡಾವಣೆಗೆ ನೆಂಟರ ಮದುವೆಗೆ ಹೋದೆ. ಎರಡನೆಯ ಪಂಕ್ತಿಯಲ್ಲಿ ಕೂತು, ಎಲೆಯ ಮೇಲೆ ಹೋಳಿಗೆ ಬಿದ್ದು, ತುಪ್ಪಕ್ಕೆ ಕಾಯುತ್ತಿರುವಾಗ ಕಿಟಕಿಯಾಚೆ ನಾಲ್ಕು ರಸ್ತೆ ಕೂಡುವುದು ಕಂಡಿತು. ನಾನು ಹಸಿರು ಬಳಿದ ಆಯತದ ಮೇಲೆಯೇ ಕುಳಿತಿದ್ದೆ. ಕೈತೊಳೆದು ಹೊರಗೆ ಬಂದೆ. ತ್ರಿಕೋನದಲ್ಲಿ ಕಸ ಸುರಿದಿತ್ತು. ಮಕ್ಕಳು ಮದುವೆಯ ಕಾರುಗಳ ನಡುವೆ, ರಸ್ತೆಯಲ್ಲಿ, ಇಟ್ಟಿಗೆ ನಿಲ್ಲಿಸಿ ಕ್ರಿಕೆಟ್ ಆಡುತ್ತಿದ್ದರು. ಕಾರು ಬಂದಾಗಲೆಲ್ಲ ಒಬ್ಬ ಇಟ್ಟಿಗೆ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದ.

ನೀವು ಮಾಡಬೇಕಾದ್ದು ಇಷ್ಟು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಎರಡು ಕಾಗದ ಕೇಳಿ: ಅನುಮೋದಿತ ಬಡಾವಣೆ ನಕ್ಷೆಯ ಪ್ರತಿ, ಮತ್ತು ಉದ್ಯಾನ, ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರದ ಪ್ರತಿ. ನಕ್ಷೆಯಲ್ಲಿ ಆ ಜಾಗ ಉದ್ಯಾನವೋ, ಶಾಲೆ, ಆಸ್ಪತ್ರೆಯಂಥ ಕಟ್ಟಡಕ್ಕೆ ಬಿಟ್ಟ ನಾಗರಿಕ ಸೌಲಭ್ಯ ನಿವೇಶನವೋ ನೋಡಿ. ಜನ ‘ಸಿಎ ಸೈಟು’ ಎನ್ನುವುದು ಎರಡನೆಯದನ್ನು. ಅದಾಗಿದ್ದರೆ ಭವನಕ್ಕೆ ದಾರಿಯಿರಬಹುದು, ಜಗಳ ಬಿಡಿ. ಎರಡೂ ಬೇರೆ ಬೇರೆ ಬಾಬತ್ತುಗಳು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಲ್ಲಿ ಉದ್ಯಾನ ಮತ್ತು ಆಟದ ಬಯಲಿಗೆ ಶೇ 15, ಅದರ ಮೇಲೆ ನಾಗರಿಕ ಸೌಲಭ್ಯಕ್ಕೆ ಶೇ 10 ಎಂದು ಬಿಡಿಸಿಯೇ ಬರೆದಿರುವುದು ಈ ಕಾರಣಕ್ಕೆ.

ಉದ್ಯಾನವೆಂದೇ ಇದ್ದರೆ ನಿಮ್ಮ ಕೈ ಗಟ್ಟಿ. ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯಿದೆಯಿದೆ. ‘ಊರಿಗೆ ಒಳ್ಳೆಯದೇ’ ಎಂಬ ಮಾತಿಗೆ ಉತ್ತರ ಸುಪ್ರೀಂ ಕೋರ್ಟಿನಿಂದಲೇ ಬಂದಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಬಿ.ಎಸ್. ಮುದ್ದಪ್ಪ ಮತ್ತಿತರ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿಯೇ ನಿಂತಿತು. ಆಸ್ಪತ್ರೆಗಿಂತ ಒಳ್ಳೆಯ ಕೆಲಸ ಯಾವುದಿದೆ? ಆದರೂ ಆ ಜಾಗ ಅದಕ್ಕಲ್ಲ ಎಂದಿತು. ತೀರ್ಪಿನ ಪ್ರತಿಯನ್ನು ಮನವಿಗೆ ಲಗತ್ತಿಸಿ ಪಾಲಿಕೆಯ ಆಯುಕ್ತರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಡಿಪಾಯ ಏಳುವ ಮುನ್ನವೇ ಕೊಡಿ. ಕಾಂಕ್ರೀಟು ಬಿದ್ದ ಮೇಲೆ ಎಲ್ಲರೂ ‘ಆದದ್ದು ಆಯಿತು’ ಎನ್ನುತ್ತಾರೆ.

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಐದನೆಯ ತರಗತಿಯವರೆಗೆ ಹುಡುಗರ ಸಮಕ್ಕೆ ಓಡುವ ಹುಡುಗಿಯರು ಎಂಟಕ್ಕೆ ಬರುವಷ್ಟರಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾರೆ. ಮೈದಾನ ದೊಡ್ಡದೇ ಇದೆ. ಏನು ಮಾಡಲಿ? — ಕೊಪ್ಪಳ ಜಿಲ್ಲೆ

ಟೀಚರ್, ಇದು ನಿಮ್ಮ ಊರಿನದು ಮಾತ್ರವಲ್ಲ. ಜಗತ್ತಿನ 11ರಿಂದ 17ರ ಮಕ್ಕಳಲ್ಲಿ ಸಾಕಷ್ಟು ಮೈ ದಣಿಸದವರು ಹುಡುಗರಲ್ಲಿ ಶೇ 78, ಹುಡುಗಿಯರಲ್ಲಿ ಶೇ 85 ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2019ರಲ್ಲಿ ಹೇಳಿತು.

‘ಮೈದಾನ ದೊಡ್ಡದೇ ಇದೆ’ ಎಂದಿರಲ್ಲ, ಗಂಟು ಅಲ್ಲೇ ಇರಬಹುದು. ಆಸ್ಟ್ರಿಯಾದ ವಿಯೆನ್ನಾದಲ್ಲಿ ತೊಂಬತ್ತರ ದಶಕದಲ್ಲಿ ಪಾರ್ಕುಗಳನ್ನು ಗಮನಿಸಿದಾಗ, ಸುಮಾರು ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿನಿಂದ ಮಾಯವಾಗುವುದು ಕಂಡಿತು, ಹುಡುಗರು ಅಲ್ಲೇ ಇದ್ದರು. ಇಡೀ ಬಯಲು ಒಂದೇ ಆಗಿದ್ದಾಗ ದನಿ ದೊಡ್ಡದಿದ್ದವರು ಅದನ್ನು ಹಿಡಿದುಕೊಳ್ಳುತ್ತಾರೆ. 1999ರಲ್ಲಿ ಅಲ್ಲಿ ಎರಡು ಪಾರ್ಕುಗಳನ್ನು ಮರುರೂಪಿಸಿ, ನಡುವೆ ದಾರಿ ಎಳೆದು, ಗಿಡ ನೆಟ್ಟು ತುಂಡು ಮಾಡಿದರು. ವಾಲಿಬಾಲ್, ಬ್ಯಾಡ್ಮಿಂಟನ್ ಅಂಕಣ ಹಾಕಿದರು. ಹುಡುಗಿಯರು ಮರಳಿ ಬಂದರು. ಯಾರನ್ನೂ ಓಡಿಸಬೇಕಾಗಲಿಲ್ಲ.

ನಿಮ್ಮಲ್ಲಿ ಸುಣ್ಣದ ಗೆರೆ ಸಾಕು. ಕಟ್ಟಡದ ಹತ್ತಿರದ ಭಾಗದಲ್ಲಿ ಥ್ರೋಬಾಲ್, ರಿಂಗ್ ಆಟ, ಖೋಖೋ ಅಂಕಣಗಳನ್ನು ಹಾಕಿ, ವಾರದಲ್ಲಿ ಯಾವ ದಿನ ಯಾರದು ಎಂದು ಗೋಡೆಯ ಮೇಲೆ ಬರೆಯಿರಿ. ಒರಗಿ ನಿಲ್ಲುವ ಗೋಡೆಯನ್ನು ಬೈಯಬೇಡಿ, ಅದರ ಮುಂದೆಯೇ ಅಂಕಣ ತನ್ನಿ. ಶೌಚಾಲಯದ ಬೀಗ ಆಟದ ಹೊತ್ತಿಗೆ ತೆರೆದಿರುತ್ತದೆಯೇ? ನೀರಿದೆಯೇ? ಎಂಟನೆಯ ತರಗತಿಯ ಹುಡುಗಿಗೆ ಇವೂ ಆಟದ ಸಾಮಾನುಗಳೇ. ಸೋಮವಾರ ಬೆಳಿಗ್ಗೆ ಮೈದಾನದಲ್ಲಿ ಬಾಟಲಿ ಚೂರು ಹೆಕ್ಕುವ ಕೆಲಸ ನಿಮಗೂ ಇರಬೇಕು, ಇಲ್ಲದಿದ್ದರೆ ಪುಣ್ಯವಂತರು.

ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮಕ್ಕಳು ‘ಆಟದ ಮೈದಾನ ಅಭಿವೃದ್ಧಿಪಡಿಸಿ’ ಎಂದು ಓದಿದರೆ ಪಿಡಿಒ ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ. ‘ಹಿಂದಿನ ಕಾಂಪೌಂಡು 12 ಅಡಿ ಬಿದ್ದಿದೆ, ಅಲ್ಲಿಂದ ರಾತ್ರಿ ಜನ ಬರುತ್ತಾರೆ, ಈ ಮಾರ್ಚ್ ಒಳಗೆ ಕಟ್ಟಿಸಿ’ ಎಂದು ಒಬ್ಬ ಹುಡುಗಿ ಎದ್ದು ನಿಂತು ಓದಲಿ. ಅಳತೆ ಹೇಳಿದ ಬೇಡಿಕೆ ನಡಾವಳಿಯಲ್ಲಿ ಬೇರೆ ರೀತಿ ಕೂರುತ್ತದೆ, ಇದು ನನ್ನ ಕಚೇರಿಯ ಅನುಭವ. ಇನ್ನೊಂದು ಮಾತು: 2006–07ರಲ್ಲಿ ಎಂಟನೆಯ ತರಗತಿಯವರಿಗೆ ಸರ್ಕಾರ ಸೈಕಲ್ ಕೊಡತೊಡಗಿದಾಗ ನಾನು ಕೆಲಸದ ಮೇಲೆ ಹಳ್ಳಿಗಳಿಗೆ ಓಡಾಡುತ್ತಿದ್ದೆ. ಲಂಗದ ಅಂಚನ್ನು ಸೀಟಿನಡಿಗೆ ಸಿಕ್ಕಿಸಿಕೊಂಡು ಸಾಲಾಗಿ ಹೋಗುವ ಹುಡುಗಿಯರನ್ನು ನೋಡಲೆಂದೇ ಜೀಪು ನಿಧಾನಿಸಲು ಹೇಳುತ್ತಿದ್ದೆ. ಕೋವಿಡ್ ಬಂದ ಮೇಲೆ ಆ ಯೋಜನೆ ನಿಂತಿತು. ಮಕ್ಕಳ ಸಭೆಯಲ್ಲಿ ಅದನ್ನೂ ಕೇಳಿಸಿ.

ಪ್ರಶ್ನೆ: ನಾವು ಮರಕೋತಿ, ಲಗೋರಿ, ಚಿನ್ನಿದಾಂಡು ಆಡಿ ಬೆಳೆದೆವು. ಈಗಿನ ಮಕ್ಕಳು ಸೋಮಾರಿಗಳು ಎನ್ನುವುದನ್ನು ನೀವು ಯಾಕೆ ಬರೆಯುವುದಿಲ್ಲ? — ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಸುಳ್ಳಾದ್ದರಿಂದ.

ನಾನು ಬೆಳೆದದ್ದು ಮಲ್ಲೇಶ್ವರದಲ್ಲಿ, ಅರವತ್ತರ ದಶಕದಲ್ಲಿ. 1898ರ ಪ್ಲೇಗಿನ ಹೊಡೆತಕ್ಕೆ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಎದ್ದಾಗ ಮನೆಗಳ ಹಿತ್ತಿಲಿಗೆ ಹೊಂದಿ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟಿದ್ದರು. ನಮ್ಮ ಲಗೋರಿ ನಡೆಯುತ್ತಿದ್ದದ್ದು ಅಂಥ ಗಲ್ಲಿಯಲ್ಲಿ. ಕಿರಿದು, ಗಾಡಿ ಬರುವುದಿಲ್ಲ, ಹಿತ್ತಿಲ ಬಾಗಿಲಿನಿಂದ ಅಜ್ಜಿ ಕೂಗಿದರೆ ಕೇಳುತ್ತದೆ. ನಾವು ಚುರುಕಾಗಿದ್ದೆವೆಂದು ಬೀದಿ ನಮ್ಮದಾಗಿರಲಿಲ್ಲ. ಕಾರು ಇರಲಿಲ್ಲ, ಅದಕ್ಕೆ ನಮ್ಮದಾಗಿತ್ತು. ಆ ಗಲ್ಲಿಯನ್ನು ಬಿಟ್ಟದ್ದೂ ನಮ್ಮ ಆಟಕ್ಕಲ್ಲ. ಕಕ್ಕಸಿನ ಮಲ ಹೊರುವವರು ಮುಂಬಾಗಿಲಿನ ರಸ್ತೆಯಲ್ಲಿ ಕಾಣಬಾರದೆಂದು. ಅವರ ಮಕ್ಕಳು ನಮ್ಮ ಲಗೋರಿಯ ಯಾವ ಪಕ್ಷದಲ್ಲೂ ಇರಲಿಲ್ಲ. ‘ನಮ್ಮ ಕಾಲ’ ಎನ್ನುವಾಗ ನನಗೆ ಅದೂ ನೆನಪಾಗುತ್ತದೆ. ಈಗ ಅಂಥ ಅನೇಕ ಗಲ್ಲಿಗಳಲ್ಲಿ ಕಾರು ನಿಂತಿವೆ, ಕೆಲವನ್ನು ನಿವಾಸಿಗಳು ಚೊಕ್ಕಟ ಮಾಡಿ, ಗೋಡೆಗೆ ಬಣ್ಣ ಬಳಿದು, ನಡೆಯುವ ದಾರಿಯಾಗಿಸಿದ್ದಾರೆ. ಅಲ್ಲಿ ಮಕ್ಕಳನ್ನು ಬಿಟ್ಟು ನೋಡಿ, ಯಾರು ಸೋಮಾರಿಗಳೆಂದು ತಿಳಿಯುತ್ತದೆ.

ಪ್ರಶ್ನೆ: ಮಗಳು ಇಲ್ಲಿ ಒಬ್ಬಳೇ ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಾಳೆ. ಮುಂದಿನ ವರ್ಷ ಬೆಂಗಳೂರಿಗೆ ಮರಳುತ್ತಿದ್ದೇವೆ. ಮಗುವಿಗೆ ಒಳ್ಳೆಯದಾದ ಬಡಾವಣೆ ಯಾವುದು? — ಸಾಫ್ಟ್‌ವೇರ್ ಉದ್ಯೋಗಿ, ಐಂಡ್‌ಹೋವನ್, ನೆದರ್ಲೆಂಡ್ಸ್

ಬಡಾವಣೆಯ ಹೆಸರು ಹೇಳಲಾರೆ. ಒಂದೇ ಬಡಾವಣೆಯ ಎರಡು ಅಡ್ಡರಸ್ತೆಗಳು ಎರಡು ದೇಶಗಳ ಹಾಗಿರುತ್ತವೆ. ಬಾಡಿಗೆ ಮನೆ ನೋಡಲು ಬಂದಾಗ ಚೀಲದಲ್ಲಿ ಒಂದು ಟೇಪು ಇಟ್ಟುಕೊಳ್ಳಿ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ತನ್ನ 2012ರ ಪಾದಚಾರಿ ಮಾರ್ಗಸೂಚಿಯಲ್ಲಿ, ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಕಲ್ಲಿನ ಅಂಚು 150 ಮಿಲಿಮೀಟರಿಗಿಂತ ಎತ್ತರವಿರಬಾರದು ಎಂದಿತ್ತು. ಟ್ರಾನ್ಸ್‌ಫಾರ್ಮರ್, ತಳ್ಳುಗಾಡಿ, ನಿಂತ ಸ್ಕೂಟರ್ ಬಿಟ್ಟು ಉಳಿದ ಅಗಲವನ್ನು ಅಳೆಯಿರಿ. ಮೊಣಕಾಲೆತ್ತರದ ಫುಟ್‌ಪಾತು ಕಂಡರೆ ಅಲ್ಲಿ ಯಾರೂ ನಡೆಯುವುದಿಲ್ಲ ಎಂದರ್ಥ. ಆಮೇಲೆ ಮನೆಯಿಂದ ಶಾಲೆಗೆ ಮಗಳ ಜೊತೆ ನಡೆಯಿರಿ, ಭಾನುವಾರ ಅಲ್ಲ, ಸೋಮವಾರ ಎಂಟು ಗಂಟೆಗೆ. ಎಷ್ಟು ಸಲ ಅವಳ ಕೈ ಹಿಡಿಯಬೇಕಾಯಿತೆಂದು ಎಣಿಸಿ.

ಅಪಾರ್ಟ್‌ಮೆಂಟ್ ನೋಡುವುದಾದರೆ, ಕಾರುಗಳೆಲ್ಲ ನೆಲಮಾಳಿಗೆಗೆ ಇಳಿಯುವ, ಮೇಲಿನ ಅಂಗಳ ಖಾಲಿಯಿರುವ ಕಟ್ಟಡ ಆರಿಸಿಕೊಳ್ಳಿ. ನಿಮ್ಮ ನೆರೆಹೊರೆಯ ಡಚ್ಚರೂ ಹುಟ್ಟುತ್ತಲೇ ಹೀಗಿದ್ದವರಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತ ಸುಮಾರು 3,300 ಜನರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಿಯರು ಬೀದಿಗಿಳಿದರು. ಡೆಲ್ಫ್ಟ್ ಊರಿನಲ್ಲಿ ರಸ್ತೆಯನ್ನೇ ಅಂಗಳದಂತೆ ಮಾಡಿ, ಕಾರುಗಳನ್ನು ನಡಿಗೆಯ ವೇಗಕ್ಕೆ ಇಳಿಸುವ ಪ್ರಯೋಗ ಆಗಲೇ ಶುರುವಾಗಿತ್ತು, 1976ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಬೆಂಗಳೂರಿಗೆ ಬಂದ ಮೇಲೆ ವಾರ್ಡ್ ಸಮಿತಿಯ ಸಭೆಗೆ ಹೋಗಿ ಇದನ್ನು ಹೇಳಿ. ಕಣ್ಣಾರೆ ಕಂಡವರ ಮಾತಿಗೆ ಬೆಲೆಯಿದೆ.

ಪ್ರಶ್ನೆ: ನಾನು ಆರನೇ ತರಗತಿ. ನಮ್ಮ ರಸ್ತೆಯಲ್ಲಿ ಆಡುವಾಗ ಬೈಕುಗಳು ಜೋರಾಗಿ ಬರುತ್ತವೆ. ಹಂಪ್ ಹಾಕಿಸಲು ಯಾರನ್ನು ಕೇಳಬೇಕು? ಹಂಪ್ ಹಾಕಿದರೆ ಬೆನ್ನುನೋವು ಬರುತ್ತದೆ ಎಂದು ಅಪ್ಪ ಬೈಯುತ್ತಾರೆ. — ವಿದ್ಯಾರ್ಥಿ, ತುಮಕೂರು

ಪುಟ್ಟಾ, ಅಪ್ಪ ಹೇಳುವುದರಲ್ಲೂ ಅರ್ಧ ಸತ್ಯವಿದೆ. ನಮ್ಮ ಊರುಗಳಲ್ಲಿ ಕಾಣುವ ಹಂಪುಗಳಲ್ಲಿ ಬಹಳಷ್ಟು ಹಂಪೇ ಅಲ್ಲ, ರಾತ್ರೋರಾತ್ರಿ ಸುರಿದ ಜಲ್ಲಿಯ ದಿಬ್ಬ. ಸರಿಯಾದ ಹಂಪಿಗೆ ಅಳತೆಯಿದೆ: ರಸ್ತೆಯ ಉದ್ದಕ್ಕೆ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್, ಮೇಲ್ಮೈ ನುಣ್ಣಗೆ ಬಾಗಿರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಹೋದರೆ ಬೆನ್ನಿಗೆ ಏನೂ ಆಗುವುದಿಲ್ಲ. ಜೋರಾಗಿ ಹೋದರೆ ಮಾತ್ರ ಕುಲುಕುತ್ತದೆ. ಅದಕ್ಕೇ ಅದನ್ನು ಮಾಡಿರುವುದು. ವೇಗದ ಲೆಕ್ಕ ನಿನಗೆ ಮುಂದೆ ವಿಜ್ಞಾನದಲ್ಲಿ ಬರುತ್ತದೆ. ಈಗ ಇಷ್ಟು ತಿಳಿದುಕೋ: 50ರಲ್ಲಿ ಬರುವ ಬೈಕಿನ ಶಕ್ತಿ 30ರಲ್ಲಿ ಬರುವುದರ ಸುಮಾರು ಮೂರು ಪಟ್ಟು, ಎರಡು ಪಟ್ಟೂ ಅಲ್ಲ.

ಪಾಲಿಕೆಯ ನಿಮ್ಮ ವಾರ್ಡಿನ ಎಂಜಿನಿಯರಿಗೆ ಒಂದು ಪತ್ರ ಬರೆ, ಒಂದು ಪ್ರತಿ ಸಂಚಾರ ಪೊಲೀಸರಿಗೆ. ಎಷ್ಟು ಗಂಟೆಗೆ ಎಷ್ಟು ಬೈಕು ಬರುತ್ತವೆ ಎಂದು ಎರಡು ಸಂಜೆ ಕೂತು ಎಣಿಸಿ ಬರೆ. ಆಡುವ ಮಕ್ಕಳೆಲ್ಲರ ಹೆಸರು ಹಾಕಿ, ಅಪ್ಪನ ಸಹಿಯನ್ನೂ ಮಾಡಿಸು. ಅದಕ್ಕೆ ಮುಂಚೆ ಮುಖ್ಯರಸ್ತೆಯಲ್ಲಿರುವ ಹಂಪನ್ನು ಅಪ್ಪನ ಜೊತೆ ಹೋಗಿ, ವಾಹನ ಇಲ್ಲದ ಬೆಳಗಿನ ಹೊತ್ತಿನಲ್ಲಿ ಅಳೆ. ಅಳೆಯುವ ಪಟ್ಟಿ ಇಲ್ಲದಿದ್ದರೆ ಅಮ್ಮನ ಹೊಲಿಗೆಯ ಟೇಪು ಸಾಕು. ಅದು ಒಂದೂವರೆ ಮೀಟರ್ ಇರುತ್ತದೆ, ಎರಡೂವರೆ ಸಲ ಇಟ್ಟರೆ ಸುಮಾರು ಸರಿಹೋಗಬೇಕು. ಎಷ್ಟು ಬಂತೆಂದು ನನಗೆ ಬರೆ. ಟೇಪನ್ನು ಒರೆಸಿ ವಾಪಸು ಇಡು.